ಐದು ಬಿನ್ನವತ್ತಳೆ, ಒಂದು ಪವಾಡ ಸಮಿತಿ

ಬಿನ್ನವತ್ತಳೆ ಬರೆಯೋದು ಕಷ್ಟದ ಕೆಲಸವಲ್ಲ. ಮೊದಲ ಸಾಲಿಗೆ ಮೂರು ‘ಸ’ ಬೇಕು: ಸರಳ, ಸಜ್ಜನ, ಸ್ನೇಹಜೀವಿ. ಎರಡನೇ ಪ್ಯಾರಾಕ್ಕೆ ಬಡತನ ಬರಬೇಕು. ‘ಬಡತನದ ಬೇಗೆಯಲ್ಲಿ ಬೆಂದು, ಪುಟಕ್ಕಿಟ್ಟ ಚಿನ್ನದಂತೆ ಹೊಳೆದ ತಾವು’ ಅಂತ. ಬಡವರಲ್ಲದವರಿಗೆ ‘ಸುಸಂಸ್ಕೃತ ಮನೆತನದಲ್ಲಿ ಜನಿಸಿದ ತಾವು’. ಮೂರನೇದರಲ್ಲಿ ‘ನಿಸ್ವಾರ್ಥ ಸೇವೆ’. ಕೊನೆಗೆ ಆಯುರಾರೋಗ್ಯ ಭಾಗ್ಯ, ಇಂತಿ ತಮ್ಮ ಅಭಿಮಾನಿಗಳು. ಸುತ್ತ ಬಂಗಾರದ ಬಣ್ಣದ ಬಳ್ಳಿ, ಮೇಲೊಂದು ಫೋಟೋ, ಫ್ರೇಮು. ಮುಗಿಯಿತು.

ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿ ಈಗ ರಿಟೈರ್ ಆಗಿದ್ದೇನೆ. ನನ್ನ ಕನ್ನಡ ಚೆನ್ನಾಗಿದೆ ಅಂತ ಯಾರೋ ಒಂದು ಸಲ ಹೇಳಿದ್ದೇ ತಪ್ಪಾಯಿತು. ಅಲ್ಲಿಂದ ಮುಂದೆ ಯಾರ ಬೀಳ್ಕೊಡುಗೆ ಇದ್ದರೂ ಬಿನ್ನವತ್ತಳೆ ನನ್ನದೇ. ನೂರರ ಮೇಲೆ ಬರೆದಿರಬೇಕು. ನಿಜ ಹೇಳಬೇಕೆಂದರೆ ಬರೆದದ್ದು ಒಂದೇ, ಹೆಸರು ಬದಲಾಯಿಸಿದ್ದು ನೂರು ಸಲ. ಒಮ್ಮೆ ಮದುವೆಯೇ ಆಗದ ಕ್ಯಾಷಿಯರ್ ಒಬ್ಬರಿಗೆ ‘ತಮ್ಮ ಧರ್ಮಪತ್ನಿಯವರ ತುಂಬು ಸಹಕಾರದೊಂದಿಗೆ’ ಅನ್ನೋ ಸಾಲು ಹಾಗೇ ಉಳಿದುಹೋಗಿತ್ತು. ಮೈಕಿನಲ್ಲಿ ಓದಿದವನೂ ನಾನೇ. ಅವರು ನಗುತ್ತಾ ಶಾಲು ಸರಿಮಾಡಿಕೊಂಡರು. ನನಗೆ ಮಾತ್ರ ಇವತ್ತಿಗೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ಕಳೆದ ನವೆಂಬರಿನಲ್ಲಿ ಊರಿಂದ ಫೋನ್ ಬಂತು. ಹೈಸ್ಕೂಲಿನಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು. ಈಗ ಹಳೆ ವಿದ್ಯಾರ್ಥಿಗಳ ಸಂಘದ ಕಾರ್ಯದರ್ಶಿ.

“ಲೇ, ಸ್ಕೂಲಿಗೆ ಎಪ್ಪತ್ತೈದು ವರ್ಷ. ಜನವರಿಯಲ್ಲಿ ಫಂಕ್ಷನ್ನು. ಹಳೇ ವಿದ್ಯಾರ್ಥಿಗಳಲ್ಲಿ ಐದು ಜನ ಸಾಧಕರಿಗೆ ಸನ್ಮಾನ. ಬಿನ್ನವತ್ತಳೆ ಐದೂ ನಿಂದೇ.”

ಸ್ಕೂಲಿನ ಹೆಸರು ಹೇಳೋದಿಲ್ಲ. ಗೌರಿಬಿದನೂರು ತಾಲ್ಲೂಕಿನದು ಅಂತ ಇಟ್ಟುಕೊಳ್ಳಿ. ಕಮಿಟಿಯವರು ಇದನ್ನು ಓದುತ್ತಾರೆ.

ಐದು ಜನರ ಪಟ್ಟಿ ವಾಟ್ಸಾಪಿನಲ್ಲಿ ಬಂತು. ಒಬ್ಬ ಮೂಳೆ ಡಾಕ್ಟರು. ಒಬ್ಬರು ರಿಟೈರ್ ಆದ ತಹಶೀಲ್ದಾರರು. ಒಬ್ಬ ಅಮೆರಿಕದಲ್ಲಿರುವ ಎಂಜಿನಿಯರು. ಒಬ್ಬರು ಖೋಖೋದಲ್ಲಿ ರಾಜ್ಯಮಟ್ಟಕ್ಕೆ ಆಡಿ, ಈಗ ಬೇರೆ ತಾಲ್ಲೂಕಿನಲ್ಲಿ ಪಿ.ಟಿ. ಟೀಚರ್ ಆಗಿರುವವರು. ಐದನೆಯವನು ಬೋರ್‌ವೆಲ್ ಕೊರೆಸುವ ಕಂಟ್ರ್ಯಾಕ್ಟರು. ಸ್ಕೂಲಿನ ಎರಡು ರೂಮಿಗೆ ಹೊಸ ತಾರಸಿ ಹಾಕಿಸಿಕೊಟ್ಟವನು.

ಐದನೆಯ ಹೆಸರಿಗೆ ಗ್ರೂಪಿನಲ್ಲಿ ಜಗಳ ಶುರುವಾಯಿತು. ಅವನು ಎಸ್ಸೆಸ್ಸೆಲ್ಸಿ ಫೇಲು. ಎರಡು ಸಲ. ಫೇಲಾದವನು ‘ಸಾಧಕ ಹಳೆ ವಿದ್ಯಾರ್ಥಿ’ ಹೇಗಾಗ್ತಾನೆ ಅಂತ ಒಬ್ಬರು. ಹಳೇ ವಿದ್ಯಾರ್ಥಿ ಅಂದ್ರೆ ಪಾಸಾದವನೇ ಆಗಿರಬೇಕಾ, ಬೈಲಾದಲ್ಲಿ ಎಲ್ಲಿದೆ ತೋರಿಸಿ ಅಂತ ಇನ್ನೊಬ್ಬರು. ಎರಡು ಸಲ ಫೇಲಾದವನು ನಮ್ಮೆಲ್ಲರಿಗಿಂತ ಜಾಸ್ತಿ ದಿನ ಆ ಸ್ಕೂಲಿನಲ್ಲಿದ್ದ, ಅವನೇ ನಿಜವಾದ ಹಳೇ ವಿದ್ಯಾರ್ಥಿ ಅಂತ ಮೂರನೆಯವನು. ಕೊನೆಗೆ ತಾರಸಿ ಗೆದ್ದಿತು.

ಆಮೇಲೆ ಆಹ್ವಾನ ಪತ್ರಿಕೆಯ ಕರಡು ಬಂತು. ಮೇಲೆ ಬಲಗಡೆ ಎಚ್ಚೆನ್ ಫೋಟೋ. ಗಾಂಧಿ ಟೋಪಿ, ಬಿಳಿ ಖಾದಿ ಜುಬ್ಬ.

ನಮ್ಮ ಕಡೆ ಇದು ಕಾಯಂ. ಎಚ್ಚೆನ್ ಅಂದರೆ ಡಾ. ಎಚ್. ನರಸಿಂಹಯ್ಯ. ಅವರು ನಮ್ಮ ಸ್ಕೂಲಿನಲ್ಲಿ ಓದಿದವರಲ್ಲ. ಆದರೂ ನಮ್ಮ ತಾಲ್ಲೂಕಿನಲ್ಲಿ ಯಾವ ಶಾಲೆಯ ಫಂಕ್ಷನ್ನೂ ಅವರ ಹೆಸರಿಲ್ಲದೆ ನಡೆಯೋದಿಲ್ಲ. ಅವರು ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ತಮಿಳುನಾಡಿನ ಹೊಸೂರಲ್ಲ, ಇದನ್ನು ಪ್ರತಿ ಸಲ ಹೇಳಬೇಕಾಗುತ್ತದೆ. ಬಡವರ ಮನೆ. ಊರಿನಲ್ಲಿ ಇದ್ದಷ್ಟು ಕ್ಲಾಸು ಓದಿ ಮುಗಿಸಿದ ಮೇಲೆ ಮುಂದೆ ದಾರಿ ಇರಲಿಲ್ಲ. ಅಲ್ಲಿ ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಬೆಂಗಳೂರಿಗೆ ಬಾ ಅಂತ ಕರೆದರು. 1935ರಲ್ಲಿ ಹುಡುಗ ಹೊರಟ. ಬಸ್ಸಿಗೆ ಕಾಸಿಲ್ಲ. ಸುಮಾರು 85 ಕಿಲೋಮೀಟರ್ ನಡೆದ. ಎರಡು ದಿನ ಹಿಡಿಯಿತು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದ.

ಈ ನಡಿಗೆಯನ್ನು ನಾನು ನನ್ನ ಜೀವನದಲ್ಲಿ ಏನಿಲ್ಲ ಅಂದರೂ ಐವತ್ತು ಭಾಷಣದಲ್ಲಿ ಕೇಳಿದ್ದೇನೆ. ಒಂದೊಂದು ಭಾಷಣದಲ್ಲಿ ಒಂದೊಂದು ಥರ. ಕೆಲವರು ಮಳೆ ಸುರಿಸುತ್ತಾರೆ. ಕೆಲವರು ಕಾಲಲ್ಲಿ ರಕ್ತ ಬರಿಸುತ್ತಾರೆ. ಒಬ್ಬರಂತೂ ದಾರಿಯಲ್ಲಿ ಚಿರತೆಯನ್ನೇ ತಂದರು. ಎಚ್ಚೆನ್ ಅದನ್ನು ಕೇಳಿದ್ದರೆ ಮೊದಲು ಆ ಚಿರತೆಗೆ ಸಾಕ್ಷಿ ಕೇಳುತ್ತಿದ್ದರು.

ನನಗೆ ಸಿಟ್ಟು ಬರೋದು ಚಿರತೆಗಲ್ಲ. ನಡೆದದ್ದು ಎರಡು ದಿನ. ಆಮೇಲೆ 2005ರ ಜನವರಿ 31ಕ್ಕೆ ತೀರಿಕೊಳ್ಳುವವರೆಗೆ ಎಪ್ಪತ್ತು ವರ್ಷ ಆಯಿತು. ಭಾಷಣದಲ್ಲಿ ಎರಡು ದಿನಕ್ಕೆ ಹತ್ತು ನಿಮಿಷ, ಎಪ್ಪತ್ತು ವರ್ಷಕ್ಕೆ ಒಂದೇ ವಾಕ್ಯ.

ಆ ಎಪ್ಪತ್ತು ವರ್ಷ ನೋಡಿ. ನ್ಯಾಷನಲ್ ಹೈಸ್ಕೂಲು ಶುರುವಾದದ್ದು 1917ರಲ್ಲಿ, ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಚಳವಳಿಯಿಂದ. ಹಾಗಾಗಿ ಅಲ್ಲಿಗೆ ಬಂದ ಹಳ್ಳಿ ಹುಡುಗನಿಗೆ ಪುಸ್ತಕದ ಜೊತೆ ಖಾದಿಯೂ ಸಿಕ್ಕಿತು. 1936ರಲ್ಲಿ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಈ ಹುಡುಗ. 1942ರಲ್ಲಿ ಕ್ವಿಟ್ ಇಂಡಿಯಾ ಬಂತು, ಓದು ಬಿಟ್ಟು ಜೈಲಿಗೆ ಹೋದರು. ಹೊರಗೆ ಬಂದು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದರು. 1946ರಲ್ಲಿ ಕೆಲಸಕ್ಕೆ ಸೇರಿದ್ದು ಎಲ್ಲಿ? ತಾವು ಓದಿದ ಹೈಸ್ಕೂಲಿನ ಪಕ್ಕಕ್ಕೇ ಹುಟ್ಟಿಕೊಂಡಿದ್ದ ನ್ಯಾಷನಲ್ ಕಾಲೇಜಿಗೆ. ಅಮೆರಿಕಕ್ಕೆ ಹೋಗಿ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದರು. ವಾಪಸ್ ಬಂದದ್ದು ಅದೇ ಕಾಲೇಜಿಗೆ. ಪ್ರಿನ್ಸಿಪಾಲರಾದರು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅದು ಮುಗಿದ ಮೇಲೂ ಬಂದದ್ದು ಅಲ್ಲಿಗೇ. ಮದುವೆಯಾಗಲಿಲ್ಲ. ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯೇ ಮನೆ. 1984ರಲ್ಲಿ ಪದ್ಮಭೂಷಣ ಬಂತು, ಆ ಕೋಣೆಗೇ ಬಂತು.

ನಮ್ಮ ಕಡೆಯವರು ಮರೆಯಬಾರದ್ದು ಇನ್ನೊಂದಿದೆ. ತಾವು ಓದೋದಕ್ಕೆ ಯಾವ ದಾರಿ ನಡೆದುಕೊಂಡು ಹೋದರೋ, ಆ ದಾರಿ ಇನ್ನೊಬ್ಬ ಹುಡುಗ ನಡೆಯೋದು ಬೇಡ ಅಂತ ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜು ತೆರೆಸಿದರು. ಬಾಗೇಪಲ್ಲಿ ಅಂದರೆ ಆಗ ಬರೀ ಕಲ್ಲು, ಬಿಸಿಲು.

ನಾನು ಬೆಂಗಳೂರಿಗೆ ಬಂದದ್ದು 1981ರಲ್ಲಿ, ನಡೆದುಕೊಂಡಲ್ಲ. ಪ್ಯಾಸೆಂಜರ್ ರೈಲಿನಲ್ಲಿ, ಕಡಲೆಕಾಯಿ ತಿನ್ನುತ್ತಾ, ದೊಡ್ಡಬಳ್ಳಾಪುರದಲ್ಲಿ ಕ್ರಾಸಿಂಗಿಗೆ ಒಂದು ಗಂಟೆ ಕಾಯುತ್ತಾ. ಬುಧವಾರ ಸಂಜೆ ನ್ಯಾಷನಲ್ ಕಾಲೇಜಿಗೆ ಹೋಗುತ್ತಿದ್ದೆ. ಎಚ್ಚೆನ್ 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಅಲ್ಲಿ ಪ್ರತಿ ಬುಧವಾರ ಉಪನ್ಯಾಸ ಇಡುತ್ತಿತ್ತು. ಜುಲೈನಲ್ಲಿ ವಿಜ್ಞಾನದ ಹಬ್ಬ, ದಿನಾ ಉಪನ್ಯಾಸ. ವಿಜ್ಞಾನ ನನಗೆ ಅಷ್ಟಕ್ಕಷ್ಟೆ. ಫ್ಯಾನ್ ಇತ್ತು, ದುಡ್ಡು ಕೊಡಬೇಕಾಗಿರಲಿಲ್ಲ, ರೂಮಿಗೆ ಬೇಗ ಹೋದರೆ ಅಡುಗೆ ಸರದಿ ನನ್ನ ತಲೆಗೆ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಆ ಬಿಳಿ ಟೋಪಿ ಕಾಣುತ್ತಿತ್ತು. ಮಾತಾಡಿಸುವ ಧೈರ್ಯ ಯಾವತ್ತೂ ಬರಲಿಲ್ಲ. ನಮ್ಮೂರಿನವರು ಅಂತ ಪಕ್ಕದವನಿಗೆ ಮಾತ್ರ ಹೇಳುತ್ತಿದ್ದೆ.

ಈಗ ನನ್ನ ಮನೆ ಹನುಮಂತನಗರದಲ್ಲಿ. ಬೆಳಿಗ್ಗೆ ವಾಕಿಂಗ್ ಹೋಗುವಾಗ ಒಂದು ದಿನ ಎನ್.ಆರ್. ಕಾಲೊನಿ ಕಡೆ, ಒಂದು ದಿನ ವಿ.ವಿ. ಪುರಂ ಕಡೆ. ಎನ್.ಆರ್. ಕಾಲೊನಿ ದಾರಿಯಲ್ಲಿ ಆಚಾರ್ಯ ಪಾಠಶಾಲೆ ಸಿಗುತ್ತದೆ. 1935ರಲ್ಲಿ ಅನಂತಾಚಾರ್ ಅನ್ನುವ ಪ್ರೊಫೆಸರ್ ಶುರುಮಾಡಿದ ಸಂಸ್ಥೆ. ಸಿ.ಎನ್.ಆರ್. ರಾವ್ ಹೈಸ್ಕೂಲು ಓದಿದ್ದು ಆಚಾರ್ಯ ಪಾಠಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಅವರಿಗೆ ಭಾರತ ರತ್ನ ಬಂದದ್ದು 2014ರಲ್ಲಿ, ಸಚಿನ್ ತೆಂಡೂಲ್ಕರ್ ಜೊತೆ. ಅವರು ಹೈಸ್ಕೂಲಿನಲ್ಲಿದ್ದಾಗ ಸಿ.ವಿ. ರಾಮನ್ ಶಾಲೆಗೆ ಬಂದಿದ್ದರು. ಆ ಒಂದು ಭೇಟಿ ಹುಡುಗನ ತಲೆಯಲ್ಲಿ ಉಳಿದುಬಿಟ್ಟಿತು. ಅವತ್ತು ರಾಮನ್ ಅವರನ್ನು ಶಾಲೆಗೆ ಕರೆಸಲು ಓಡಾಡಿದವರು ಯಾರೋ ಇರಬೇಕಲ್ವಾ? ಅವರಿಗೆ ಯಾರೂ ಶಾಲು ಹೊದಿಸಿರಲಿಕ್ಕಿಲ್ಲ.

ವಿ.ವಿ. ಪುರಂ ಕಡೆ ಹೋದರೆ ನ್ಯಾಷನಲ್ ಹೈಸ್ಕೂಲು. ಎಚ್ಚೆನ್ ಸೇರಿ ಸುಮಾರು ಐವತ್ತು ವರ್ಷ ಆದ ಮೇಲೆ ಅದೇ ಶಾಲೆಯಲ್ಲಿ ಅನಿಲ್ ಕುಂಬ್ಳೆ ಓದಿದ್ದು. ಕೋಟ್ಲಾದ ಹತ್ತು ವಿಕೆಟ್ ಎಲ್ಲರೂ ಹೇಳುತ್ತಾರೆ, 74 ರನ್ನಿಗೆ 10, 1999ರ ಫೆಬ್ರುವರಿ 7. ನನಗೆ ಇಷ್ಟ 2002ರ ಆಂಟಿಗಾ. ದವಡೆ ಮುರಿದು, ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿದರು. ಸಿಕ್ಕಿದ್ದು ಒಂದೇ ವಿಕೆಟ್. ಆ ಒಂದು ಮಾತ್ರ ಲಾರಾದು. ಇದನ್ನು ಬಿನ್ನವತ್ತಳೆಯಲ್ಲಿ ಬರೆಯೋದಾದರೆ ‘ಛಲದಂಕಮಲ್ಲ’ ಅಂತ ಬರೆಯುತ್ತೇವೆ. ದವಡೆ, ಬ್ಯಾಂಡೇಜು, 14 ಓವರು ಅಂದರೆ ಸಾಕು, ಮಲ್ಲ ಬೇಕಾಗಿಲ್ಲ.

ಅಲ್ಲಿ ನಿಂತೇ ನನಗೆ ಹೊಳೆದದ್ದು. 1976ರಲ್ಲಿ ಎಚ್ಚೆನ್ ಕುಲಪತಿಯಾಗಿದ್ದಾಗ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷೆ ಮಾಡುವುದಕ್ಕೆ ಒಂದು ಸಮಿತಿ ಮಾಡಿದ್ದರು. ದೊಡ್ಡ ಗಲಾಟೆಯಾಗಿತ್ತು. ನೀವು ಪವಾಡ ಮಾಡುತ್ತೀರಾ, ಸರಿ, ನಮ್ಮ ಮುಂದೆ ಮಾಡಿ ತೋರಿಸಿ, ಇಷ್ಟೇ ಅವರ ವಾದ. ನಾನೂ ಒಂದು ಪವಾಡ ಸಮಿತಿ ಮಾಡಿಕೊಂಡೆ. ಅಧ್ಯಕ್ಷ, ಸದಸ್ಯ ಎಲ್ಲಾ ನಾನೇ. ಬಿನ್ನವತ್ತಳೆಯ ಪ್ರತಿ ಮಾತಿಗೂ ಸಾಕ್ಷಿ ಬೇಕು. ಸಾಕ್ಷಿ ಇಲ್ಲದ ಮಾತು ಹೊರಕ್ಕೆ.

ಹಳೇದೊಂದು ಬಿನ್ನವತ್ತಳೆ ತೆಗೆದು ಪರೀಕ್ಷೆ ಮಾಡಿದೆ. ‘ಶ್ರೀಯುತ’ ಮತ್ತು ಊರಿನ ಹೆಸರು ಬಿಟ್ಟು ಏನೂ ಉಳಿಯಲಿಲ್ಲ.

ಹಾಗಾಗಿ ಐದೂ ಜನಕ್ಕೆ ಫೋನ್ ಮಾಡಿದೆ. ಒಂದೇ ಪ್ರಶ್ನೆ: ಸ್ಕೂಲು ನಿಮಗೆ ಏನು ಕೊಟ್ಟಿತು, ನೀವು ಏನು ಮಾಡಿದಿರಿ, ನಿಜ ಹೇಳಿ.

ತಹಶೀಲ್ದಾರರು ಮೊದಲು ಸಿಕ್ಕರು. ನನಗಿಂತ ಐದು ವರ್ಷ ದೊಡ್ಡವರು. “ಗಂಟೆ ಕೊಡ್ತು ಕಣಯ್ಯಾ,” ಅಂದರು. ನಮ್ಮ ಸ್ಕೂಲಿನ ಗಂಟೆ ಅಂದರೆ ಬೇವಿನ ಮರಕ್ಕೆ ಕಟ್ಟಿದ ರೈಲು ಕಂಬಿಯ ತುಂಡು. ಜವಾನ ಬರದ ದಿನ ಅದನ್ನು ಹೊಡೆಯುವ ಕೆಲಸ ಇವರದು. ಆಟದ ಪೀರಿಯಡ್ಡಿಗೆ ಐದು ನಿಮಿಷ ಮುಂಚೆ ಹೊಡೆದುಬಿಡುತ್ತಿದ್ದರಂತೆ. “ಸರ್ವಿಸಿನಲ್ಲಿ ಒಂದು ದಿನ ಲೇಟಾಗಿ ಹೋಗಿಲ್ಲ. ಆ ಐದು ನಿಮಿಷದ ಸಾಲ ತೀರಿಸ್ತಾ ಬಂದೆ ಅಂತ ಬರಿ.” ನಗುತ್ತಿದ್ದರು. ನಾನು ಬರೆದುಕೊಂಡೆ.

ಪಿ.ಟಿ. ಟೀಚರ್ ಅವರನ್ನು ನಾವು ಆಗ ಅಕ್ಕ ಅಂತಲೇ ಕರೆಯುತ್ತಿದ್ದೆವು, ಈಗಲೂ ಅಕ್ಕ. ನಮ್ಮ ಮೈದಾನದ ನಡುವೆ ಒಂದು ಹುಣಸೆ ಮರ ಇತ್ತು. ಕಡಿಯೋದಕ್ಕೆ ಯಾರೂ ಬಿಡಲಿಲ್ಲ, ದೆವ್ವ ಇದೆ ಅಂತ. ಹುಡುಗರು ಮೈದಾನದ ಒಳ್ಳೇ ಭಾಗ ಕಬಡ್ಡಿಗೆ ಇಟ್ಟುಕೊಂಡು, ಹುಡುಗಿಯರ ಖೋಖೋಗೆ ಮರದ ಬುಡ ಬಿಟ್ಟುಕೊಟ್ಟಿದ್ದರು. ಲಂಗ ಎತ್ತಿ ಸಿಕ್ಕಿಸಿಕೊಂಡು, ಬೇರು ಎಡವದ ಹಾಗೆ ಓಡಬೇಕು. “ಜಿಲ್ಲಾ ಮಟ್ಟದಲ್ಲಿ ಸಮ ನೆಲ ನೋಡಿದಾಗ ಇದೇನು ಇಷ್ಟು ಸುಲಭ ಅನ್ನಿಸ್ತಪ್ಪ,” ಅಂದರು. “ಮರದಲ್ಲಿ ದೆವ್ವ ಇತ್ತಾ ಅಕ್ಕಾ?” ಅಂದೆ. “ಇದ್ದಿದ್ರೆ ನಮ್ಮ ಟೀಮಲ್ಲೇ ಆಡ್ತಿತ್ತು.”

ಅಮೆರಿಕದವನಿಗೆ ರಾತ್ರಿ ಫೋನ್ ಮಾಡಿದೆ. ಅವನಿಗೆ ಆಗ ಬೆಳಿಗ್ಗೆ. ನನ್ನ ಕ್ಲಾಸು. ಗಣಿತದಲ್ಲಿ ಯಾವಾಗಲೂ ಅವನೇ ಫಸ್ಟು, ನಾನು ಅವನ ಪಕ್ಕ ಕೂತು ಪಾಸಾದವನು. ಪೇಟ ಬೇಡ, ತಲೆ ತುರಿಸುತ್ತೆ ಅಂತ ಶುರುಮಾಡಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, “ಒಂದು ಮಾತು. ಸೇವೆ ಅಂತ ಹಾಕಬೇಡ ಕಣೋ. ನಾನು ಓದಿದೆ, ಕೆಲಸ ಮಾಡಿದೆ, ಮನೆ ತಗೊಂಡೆ. ಊರಿಗೆ, ಸ್ಕೂಲಿಗೆ ಏನೂ ಮಾಡಿಲ್ಲ. ಸೇವೆ ಅಂತ ಓದಿದ್ರೆ ಅಲ್ಲಿ ಕೂರೋಕಾಗಲ್ಲ.”

ನನ್ನ ಸಮಿತಿಯ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದವನು ಅವನೊಬ್ಬನೇ. ಮತ್ತೆ ಗಣಿತದಲ್ಲಿ ಫಸ್ಟು.

ಡಾಕ್ಟರು ಸ್ವಲ್ಪ ಖಾರದ ಮನುಷ್ಯ. “ಸ್ಕೂಲು ಏನೂ ಕೊಟ್ಟಿಲ್ಲ ರೀ. ಮೂರು ವರ್ಷ ಲ್ಯಾಬಿನ ಬೀರು ಬೀಗ ತೆಗೆದದ್ದೇ ನೋಡಿಲ್ಲ. ಸುಮ್ನೆ ನೀವೇ ಏನಾದ್ರೂ ಬರ್ಕೊಳಿ.” ಫೋನ್ ಇಟ್ಟರು. ಇಪ್ಪತ್ತು ನಿಮಿಷ ಬಿಟ್ಟು ಅವರೇ ಮಾಡಿದರು. ಪಿಯುಸಿಗೆ ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕುವಾಗ ಆದಾಯದ ಸರ್ಟಿಫಿಕೇಟು ಬೇಕಾಗಿತ್ತು. ಕೊನೇ ದಿನ. ಅಪ್ಪ ಕೂಲಿಗೆ ಹೋಗಿದ್ದರು. ಸ್ಕೂಲಿನ ಗುಮಾಸ್ತರು ಸೈಕಲ್ ಹತ್ತಿ ತಾಲ್ಲೂಕು ಕಚೇರಿಗೆ ಹೋಗಿ, ಸಂಜೆ ಸಹಿ ಮಾಡಿಸಿಕೊಂಡು ಬಂದರಂತೆ. ಬಿಸಿಲಿನಲ್ಲಿ ಹದಿನಾಲ್ಕು ಕಿಲೋಮೀಟರ್ ಹೋಗೋದು, ಹದಿನಾಲ್ಕು ಬರೋದು. “ಅದಿಲ್ಲದಿದ್ರೆ ನಾನು ಡಾಕ್ಟರಿಲ್ಲ. ಅವರ ಹೆಸರು ನೆನಪಾಗ್ತಿಲ್ಲ ರೀ. ನಿಮಗೆ ಗೊತ್ತಾ?”

ನನಗೂ ನೆನಪಾಗಲಿಲ್ಲ. ಮೂಗಿನ ತುದಿಯ ಕನ್ನಡಕ ನೆನಪಿದೆ. ಕೈಗೆ ಹತ್ತಿದ ನೀಲಿ ಇಂಕು ನೆನಪಿದೆ. ಹೆಸರಿಲ್ಲ.

ಬೋರ್‌ವೆಲ್ಲಿನವನು ಕೊನೆಗೆ ಸಿಕ್ಕ. ಹಿಂದೆ ರಿಗ್ಗಿನ ಸದ್ದು, ಅರ್ಧ ತೆಲುಗು ಅರ್ಧ ಕನ್ನಡ. ಕಮಿಟಿಯವರು ಆಗಲೇ ನನಗೆ ಹೇಳಿದ್ದರು, ಅವನಿಗೆ ‘ಆಧುನಿಕ ಭಗೀರಥ’ ಅಂತ ಹಾಕಬೇಕು ಅಂತ. ಅದನ್ನು ಹೇಳಿದೆ. ಅವನು ಜೋರಾಗಿ ನಕ್ಕ.

“ಭಗೀರಥ ಅಲ್ಲ ಗುರೂ. ನಮ್ಮ ಕಡೆ ಸಾವಿರ ಅಡಿ ದಾಟಿದ್ರೂ ಬರೀ ಧೂಳು. ಬಂದ್ರೂ ಫ್ಲೋರೈಡ್ ನೀರು. ತೆಂಗಿನಕಾಯಿ ಹಿಡ್ಕೊಂಡು ಪಾಯಿಂಟ್ ಇಟ್ಟವರ ಹತ್ರನೂ ಕೊರ್ದಿದೀನಿ. ಬೇವಿನ ಕಡ್ಡಿಯವರ ಹತ್ರನೂ ಕೊರ್ದಿದೀನಿ. ಮಿಷಿನ್ ತಂದವರ ಹತ್ರನೂ ಕೊರ್ದಿದೀನಿ. ನಾನು ನೀರು ಕೊಟ್ಟೆ ಅಂತ ಬರೀಬೇಡ. ತೂತು ಕೊಟ್ಟೆ ಅಂತ ಬರಿ.”

ತೆಂಗಿನಕಾಯಿ ಎದ್ದು ನಿಲ್ಲುತ್ತೆ ಅಂತಾರಲ್ಲ, ನಿಜಾನಾ ಅಂದೆ. ನಿಲ್ಲುತ್ತೆ, ನೀರಿದ್ರೂ ನಿಲ್ಲುತ್ತೆ ಇಲ್ಲದಿದ್ರೂ ನಿಲ್ಲುತ್ತೆ ಅಂದ. ಎರಡು ಸಲ ಫೇಲಾದವನ ಮಾತು ಇದು. ಎಚ್ಚೆನ್ ಸಮಿತಿಗೆ ಇವನು ಸದಸ್ಯನಾಗಬಹುದಿತ್ತು.

ಮತ್ತೆ ತಾರಸಿ ಯಾಕೆ ಹಾಕಿಸಿದೆ ಅಂತ ಕೇಳಿದೆ. “ಆ ರೂಮಲ್ಲೇ ನಾನು ಮೂರು ವರ್ಷ ಎಸ್ಸೆಸ್ಸೆಲ್ಸಿ ಕೂತಿದ್ದು. ಸೋರ್ತಿತ್ತು. ಸೋರೋ ಜಾಗ ಎಲ್ಲೆಲ್ಲಿ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಮೂರು ದಿನ ಕೂತು ಐದು ಬಿನ್ನವತ್ತಳೆ ಬರೆದೆ. ಒಂದಕ್ಕೊಂದು ಹೋಲಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ. ಖುಷಿಯಿಂದ ಕಮಿಟಿಗೆ ಕಳಿಸಿದೆ.

ಕಮಿಟಿಯಿಂದ ಸಂಜೆಯೇ ಫೋನು. ತಹಶೀಲ್ದಾರರು ಗಂಟೆ ಹೊಡೀತಿದ್ರು ಅಂತ ಹಾಕೋಕಾಗುತ್ತಾ? ಮರ್ಯಾದೆ ಪ್ರಶ್ನೆ. ಲಂಗ ಎತ್ತಿ ಸಿಕ್ಕಿಸಿಕೊಂಡು ಅನ್ನೋದು ಬೇಡವೇ ಬೇಡ. ಡಾಕ್ಟರ ಬಿನ್ನವತ್ತಳೆಯಲ್ಲಿ ಗುಮಾಸ್ತರ ಸೈಕಲ್ ಯಾಕೆ, ಸನ್ಮಾನ ಯಾರಿಗೆ? ಸೇವೆ ಇಲ್ಲ ಅಂದ್ರೆ ಅಮೆರಿಕದವನನ್ನ ಯಾಕೆ ಕರೆದ್ವಿ ಅಂತ ಜನ ಕೇಳ್ತಾರೆ. ‘ತೂತು’ ಅನ್ನೋ ಪದ ಎಂಎಲ್ಎ ಮುಂದೆ ಓದೋದಾ?

ವಾದ ಮಾಡಿದೆ. ಎಚ್ಚೆನ್ ಫೋಟೋ ಹಾಕಿಕೊಂಡು ಸುಳ್ಳು ಓದ್ತೀರಾ ಅಂದೆ. ಅದು ಸ್ವಲ್ಪ ಜಾಸ್ತಿಯಾಯಿತು. ಕಾರ್ಯದರ್ಶಿ ಬೇಜಾರು ಮಾಡಿಕೊಂಡ. ಅವನದೂ ತಪ್ಪಿಲ್ಲ ಬಿಡಿ. ಶಾಮಿಯಾನದವನ ಹತ್ತಿರ, ಊಟದವನ ಹತ್ತಿರ, ಎಂಎಲ್ಎ ಪಿಎ ಹತ್ತಿರ ಮೂರು ತಿಂಗಳು ಓಡಾಡುತ್ತಿದ್ದವನು ಅವನು. ನಾನು ಹನುಮಂತನಗರದಲ್ಲಿ ಕೂತು ಬರೆಯೋನು. ಕೊನೆಗೆ ಅವರೇ ಯಾರ ಹತ್ತಿರವೋ ತಿದ್ದಿಸಿದರು. ಮೂರು ‘ಸ’ ವಾಪಸ್ ಬಂದವು.

ಫಂಕ್ಷನ್ ದಿನ ಬೆಳಿಗ್ಗೆಯೇ ಹೋದೆ. ಮೈದಾನದ ಹುಣಸೆ ಮರ ಈಗಿಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತಂತೆ. ಚಿಕ್ಕಪೇಟೆಯಿಂದ ತಂದ ಶಾಲುಗಳು ಪ್ಲಾಸ್ಟಿಕ್ ಕವರಿನಲ್ಲಿ ಮೇಜಿನ ಮೇಲೆ. ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ಐದು ಮೈಸೂರು ಪೇಟ. ನನಗೆ ಪೇಟ ನೋಡಿದಾಗೆಲ್ಲ ಸರ್ ಎಂ.ವಿ. ನೆನಪಾಗುತ್ತಾರೆ. ನಮ್ಮ ಪಕ್ಕದ ಮುದ್ದೇನಹಳ್ಳಿಯವರು, ಹುಡುಗರಿಗೆ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮಾಡಿದವರು. ಅವರ ತಲೆಯ ಮೇಲೆ ಅದು ದಿನದ ಉಡುಪು. ನಮ್ಮ ಕಡೆ ಈಗ ಐದು ನಿಮಿಷ ಇಟ್ಟು ತೆಗೆಯುವ ವಸ್ತು, ಒಂದೇ ಅಳತೆ ಎಲ್ಲ ತಲೆಗೂ.

ಮುಖ್ಯ ಅತಿಥಿ ಎಚ್ಚೆನ್ ನಡಿಗೆ ಹೇಳಿದರು. ಈ ಸಲ ಚಿರತೆ ಬರಲಿಲ್ಲ. ಒಂದು ಹಾವು ಬಂತು.

ಬಿನ್ನವತ್ತಳೆ ಓದಿದವಳು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಚೆನ್ನಾಗಿ ಓದಿದಳು, ತಪ್ಪು ಅವಳದಲ್ಲ. ಅಮೆರಿಕದವನ ಸರದಿ ಬಂತು. ‘ತಾಯ್ನಾಡಿಗೆ ತಾವು ಸಲ್ಲಿಸಿದ ನಿಸ್ವಾರ್ಥ ಸೇವೆ’ ಅನ್ನುವ ಸಾಲಿಗೆ ಅವನು ಕುರ್ಚಿಯಲ್ಲಿ ಅಲುಗಾಡಿದ. ನನ್ನ ಕಡೆ ನೋಡಿದ. ನಾನು ಕೈ ಅಲ್ಲಾಡಿಸಿ ನಾನಲ್ಲ ಅಂತ ತೋರಿಸಿದೆ. ಪೇಟ ಇಟ್ಟಿದ್ದ ತಲೆಯಲ್ಲೇ ಎದ್ದು ಮೈಕಿಗೆ ಬಂದ.

“ಆ ಒಂದು ಸಾಲು ತಪ್ಪಿದೆ. ನಾನು ಸೇವೆ ಮಾಡಿಲ್ಲ. ಮಿಕ್ಕಿದ್ದು ಸರಿ ಇದೆ. ಮಗು, ನೀನು ಚೆನ್ನಾಗಿ ಓದಿದೆ,” ಅಂದು ಹೋಗಿ ಕೂತ.

ಶಾಮಿಯಾನದಲ್ಲಿ ಒಂದು ಕ್ಷಣ ಯಾರಿಗೂ ಏನೂ ತೋಚಲಿಲ್ಲ. ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರೂ ಹೊಡೆದರು. ಕಾರ್ಯದರ್ಶಿ ನನ್ನನ್ನು ಕೊಲ್ಲುವ ಹಾಗೆ ನೋಡಿದ. ಎಂಎಲ್ಎ ಗಡಿಯಾರ ನೋಡಿದರು.

ಅದರ ಮುಂದಿನ ಸರದಿ ಡಾಕ್ಟರದು. ಅವರು ಬಿನ್ನವತ್ತಳೆ ಕೈಯಲ್ಲಿ ಹಿಡಿದುಕೊಂಡು, ಭಾಷಣ ಬಿಟ್ಟು, ಜನಕ್ಕೆ ಪ್ರಶ್ನೆ ಕೇಳಿದರು. 1980ರ ಆಸುಪಾಸಿನಲ್ಲಿ ಇಲ್ಲಿ ಗುಮಾಸ್ತರಾಗಿದ್ದವರ ಹೆಸರು ಯಾರಿಗಾದರೂ ಗೊತ್ತಾ? ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕು ನೂರು ಜನ. ಕೊನೇ ಸಾಲಿನಿಂದ ಒಬ್ಬ ಮುದುಕರು ಕೂಗಿದರು, “ರಿಜಿಸ್ಟರಪ್ಪ!” ಎಲ್ಲರೂ ನಕ್ಕರು, ಹೌದು ಹೌದು ಅಂದರು. ಹಾಜರಿ ರಿಜಿಸ್ಟರ್ ಸದಾ ಕಂಕುಳಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು, ಅದಕ್ಕೆ ಹುಡುಗರು ಇಟ್ಟ ಹೆಸರು. ನಿಜವಾದ ಹೆಸರು? ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಕನ್ನಡಕ ಒರೆಸಿಕೊಂಡರು. “ರಿಜಿಸ್ಟರಪ್ಪನವರಿಗೆ ನಮಸ್ಕಾರ,” ಅಂದು ಕೂತರು.

ಊಟಕ್ಕೆ ಮುದ್ದೆ, ಬಸ್ಸಾರು, ಕೊನೆಗೆ ಹೋಳಿಗೆ. ಬಡಿಸುವಾಗ ಕಾರ್ಯದರ್ಶಿ ನನ್ನ ಎಲೆ ಮುಂದೆ ನಿಂತು ಎರಡು ಹೋಳಿಗೆ ಜಾಸ್ತಿ ಹಾಕಿದ. “ಮುಂದಿನ ಸಲ ನೀನು ಬರೆದದ್ದೇ ಓದ್ತೀವಿ ಬಿಡು,” ಅಂದ. ಮುಂದಿನ ಸಲ ಅಂದರೆ ನೂರನೇ ವರ್ಷ. ಆಗ ನನಗೆ ಎಂಬತ್ತೈದು.

ಬಸ್ ಸ್ಟ್ಯಾಂಡಿನವರೆಗೆ ಬೋರ್‌ವೆಲ್ಲಿನವನು ಜೀಪಿನಲ್ಲಿ ಬಿಟ್ಟ. ‘ಆಧುನಿಕ ಭಗೀರಥ’ ಫ್ರೇಮು ಹಿಂದಿನ ಸೀಟಿನಲ್ಲಿ ಕೇಸಿಂಗ್ ಪೈಪಿನ ತುಂಡುಗಳ ಮೇಲೆ ಬಿದ್ದಿತ್ತು. ಇಳಿಯುವಾಗ ಕೇಳಿದ, “ನೀನು ಮೊದಲು ಬರೆದಿದ್ದೆ ಅಂದ್ಯಲ್ಲ, ತೂತಿಂದು. ಅದಿದ್ಯಾ?”

ಬೆಂಗಳೂರಿಗೆ ಬಂದ ಮೇಲೆ ಪ್ರಿಂಟ್ ತೆಗೆಸಿದೆ. ಬಳ್ಳಿ ಗಿಳ್ಳಿ ಹಾಕಿಸಲಿಲ್ಲ. ಗಾಂಧಿ ಬಜಾರಿನಲ್ಲಿ ಫ್ರೇಮ್ ಹಾಕುವವನು ಒಂದು ಸಲ ಓದಿದ, ಮತ್ತೊಂದು ಸಲ ಓದಿದ, ಸಾರ್ ಇಲ್ಲಿ ಏನೋ ಪ್ರಿಂಟ್ ತಪ್ಪಾಗಿದೆ ಅಂತ ‘ತೂತು’ ಮೇಲೆ ಬೆರಳಿಟ್ಟು ತೋರಿಸಿದ. ಇಲ್ಲಪ್ಪ, ಸರಿಯಾಗೇ ಇದೆ, ಗಾಜು ಹಾಕು ಅಂದೆ. ಗೌರಿಬಿದನೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ನಂಬರ್ ಬರೆದು, ಜೋಪಾನ, ಗಾಜಿದೆ ಅಂತ ಹೇಳಿ ಬಂದೆ.